ಹಳೆಯ ಹಟ್ಟಿಯಲ್ಲಿ ಹೊಸ ಉಗ್ರಾಣ



ಕುಲಶೇಖರದ ಕಡೆಯ ಸದಸ್ಯರ ಮನೆಗಳಿಗೆ ಹೋದಾಗ ನಮಗೆ ಸಾಧಾರಣವಾಗಿ ಕಾಣುವ ನೋಟ ಒಂದೇ. ಮುಂದೆ ಆರ್.ಸಿ.ಸಿ. ಮನೆ, ಹಿತ್ತಲಲ್ಲಿ ನಾಲ್ಕಾರು ತೆಂಗು, ಒಂದು ಸಾಲು ಅಡಿಕೆ, ಅದರ ಮಗ್ಗುಲಲ್ಲಿ ಖಾಲಿ ಹಟ್ಟಿ. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರುವುದು ಇದೇ ಕುಲಶೇಖರದಲ್ಲಿ. ಆದರೆ ಅದರ ಸುತ್ತಿನ ಹಿತ್ತಲುಗಳಲ್ಲಿ ಹಸುವಿನ ಕೂಗು ಕೇಳುವುದು ಅಪರೂಪವಾಯಿತು. ಹಟ್ಟಿಯೊಳಗೆ ಈಗ ಮುರಿದ ಕುರ್ಚಿ, ತೆಂಗಿನ ಮಡಲು, ತೂತಾದ ಕೊಡಪಾನ ಮತ್ತು ಹೆಗ್ಗಣ.

ಇವರಲ್ಲಿ ಹಲವರ ತೋಟ ಇರುವುದು ಗುರುಪುರ, ಗಂಜಿಮಠ, ಮೂಡುಬಿದಿರೆ ಕಡೆ. ಫಸಲು ಒಣಗಿದ ಮೇಲೆ ಕುಲಶೇಖರದ ಮನೆಗೆ ಬರುತ್ತದೆ. ಬಂದದ್ದನ್ನು ಇಡಲು ಜಾಗವಿಲ್ಲ. ಆದುದರಿಂದ ನಮ್ಮ ಕಚೇರಿಗೆ ಬರುವ ಪ್ರಶ್ನೆಯೂ ಒಂದೇ ತರಹದ್ದು: “ಹಟ್ಟಿ ಕೆಡವಿ ಶೀಟಿನ ಗೋದಾಮು ಕಟ್ಟಬೇಕೆಂದಿದ್ದೇವೆ, ಎಷ್ಟು ಸಾಲ ಸಿಗುತ್ತದೆ?” ಸಾಲದ ಅರ್ಜಿ ತುಂಬುವ ಮೊದಲು ಈ ಬರಹವನ್ನು ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇವೆ. ಹಟ್ಟಿಯನ್ನು ಕೆಡವಬೇಕಾಗಿಲ್ಲ, ಬೇಕಾಗುವ ಸಾಮಾನಿನ ಹೆಚ್ಚಿನ ಪಾಲನ್ನು ಹೊಸದಾಗಿ ಕೊಳ್ಳಬೇಕಾಗಿಯೂ ಇಲ್ಲ. ಆದರೆ ಯಾವುದು ಹಳತಾದರೆ ನಡೆಯುತ್ತದೆ, ಯಾವುದು ಹೊಸತೇ ಆಗಬೇಕು ಎಂಬುದರಲ್ಲಿ ಎಚ್ಚರ ತಪ್ಪಿದರೆ ಉಳಿಸಿದ ಹಣಕ್ಕಿಂತ ಹೆಚ್ಚಿನದು ಒಂದೇ ಮಳೆಗಾಲದಲ್ಲಿ ಹೋಗುತ್ತದೆ.

ಹೋಗುವುದು ಹೇಗೆಂದು ಚಾಲಿ ಮಾಡುವವರಿಗೆ ವಿವರಿಸಬೇಕಾಗಿಲ್ಲ. ಮಂಗಳೂರು ಪೇಟೆಯಲ್ಲಿ ಹೊಸ ಅಡಿಕೆಗೆ ಒಂದು ದರ, ಮಳೆಗಾಲ ಕಳೆದ ಹಳೆ ಅಡಿಕೆಗೆ ಒಂದು ದರ, ಇನ್ನೂ ಹಳತಾದ ಡಬ್ಬಲ್ ಚೋಲಿಗೆ ಮತ್ತೊಂದು ದರ. ಇಟ್ಟು ಮಾರಬಲ್ಲವನಿಗೆ ಸಾಮಾನ್ಯವಾಗಿ ಲಾಭ. ಇಡಲಾರದವನು ಎಲ್ಲರೂ ಮಾರುವ ದಿನವೇ ಮಾರಬೇಕು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ದರ ಕುಸಿದು ಬೆಳೆಗಾರ ದಿಕ್ಕುಗೆಟ್ಟ ಕಾಲದಲ್ಲಿ. ಸಹಕಾರಿ ಸಂಸ್ಥೆ ಪೇಟೆಯಲ್ಲಿ ದರವನ್ನು ಹಿಡಿದು ನಿಲ್ಲಿಸಲು ಹೆಣಗಬಹುದು. ನಮ್ಮ ಮನೆಯ ಮೂಟೆಗೆ ಬೂಸ್ಟು ಹಿಡಿಯದಂತೆ ನೋಡಿಕೊಳ್ಳಲು ಅದರಿಂದಾಗದು.

ಎಷ್ಟು ಜಾಗ ಬೇಕು?

ಲೆಕ್ಕ ಹಾಕಿ ನೋಡೋಣ. 9 ಅಡಿ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು 540 ಅಡಿಕೆ ಮರ. ಮರಕ್ಕೆ 2 ಕಿಲೋ ಚಾಲಿ ಎಂದು ಹಿಡಿದರೆ ಹತ್ತು, ಹನ್ನೊಂದು ಕ್ವಿಂಟಲ್. 65 ಕಿಲೋ ಹಿಡಿಯುವ ಗೋಣಿಯಲ್ಲಿ ತುಂಬಿದರೆ 16–17 ಮೂಟೆ. ಒಂದು ಮೂಟೆ ಮಲಗಿಸಲು ಸುಮಾರು 6 ಚದರ ಅಡಿ ಜಾಗ. ನಾಲ್ಕರ ಮೇಲೆ ನಾಲ್ಕು ಪೇರಿಸಿದರೆ 30 ಚದರ ಅಡಿಯಲ್ಲಿ ಒಂದು ಎಕರೆಯ ಫಸಲು ಕುಳಿತುಬಿಡುತ್ತದೆ. ಗೋಡೆಯಿಂದ ಬಿಡುವ ಅಂತರ, ನಡೆದಾಡುವ ದಾರಿ ಸೇರಿಸಿದರೂ 10 ಅಡಿಗೆ 12 ಅಡಿಯ ಒಂದು ಕೋಣೆ ಎರಡು ಎಕರೆಯವನಿಗೂ ಧಾರಾಳ.

ನಾಲ್ಕು ಹಸು ಕಟ್ಟುತ್ತಿದ್ದ ಸಾಧಾರಣ ಹಟ್ಟಿಯ ಉದ್ದ 24 ಅಡಿ, ಅಗಲ 12 ಅಡಿ ಇರುತ್ತದೆ. ಅಂದರೆ ಅದರ ಅರ್ಧಕ್ಕಿಂತ ಕಡಿಮೆ ಭಾಗ ಸಾಕು. ಹಟ್ಟಿಯ ಒಂದು ತಲೆಯಲ್ಲಿ, ಮೂರು ಗೋಡೆ ಇದ್ದ ಕಡೆ, ಅಡ್ಡಲಾಗಿ ಒಂದು ಗೋಡೆ ಎಬ್ಬಿಸಿ ಕೋಣೆ ಮಾಡಿ, ಅದನ್ನು ಮಾತ್ರ ಭದ್ರ ಮಾಡಿರಿ. ಉಳಿದ ಭಾಗ ತೆರೆದೇ ಇರಲಿ. ಸೌದೆ, ತೆಂಗಿನಕಾಯಿ, ದೋಟಿ, ಸ್ಪ್ರೇಯರ್ ಅಲ್ಲಿ ಇರಬಹುದು. ಇಡೀ ಹಟ್ಟಿಯನ್ನು ಉಗ್ರಾಣ ಮಾಡಲು ಹೊರಟವರ ಕೆಲಸ ನಡುವೆ ನಿಂತು, ಅರೆಬರೆ ಮಾಡಿನಡಿ ಅಡಿಕೆ ಇಟ್ಟದ್ದನ್ನು ನಾವು ಕಂಡಿದ್ದೇವೆ.

ಸಾಮಾನು ಎಲ್ಲಿಂದ?

ಕುಲಶೇಖರದವರಿಗೆ ಇದರ ಚಿಂತೆ ಕಡಿಮೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಸುಮಾರು 45 ಕಿಲೋಮೀಟರ್ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ 2020ರ ನಂತರದ ವರ್ಷಗಳಲ್ಲಿ ಆರಂಭವಾದ ಮೇಲೆ ರಸ್ತೆ ಬದಿಯ ಎಷ್ಟೋ ಹಂಚಿನ ಮನೆ, ಅಂಗಡಿ, ಆವರಣ ಗೋಡೆಗಳು ಕೆಳಗಿಳಿದವು. ಅದಲ್ಲದೆ ನಗರದೊಳಗೆ ಹಳೆ ಮನೆ ಕೆಡವಿ ಫ್ಲಾಟ್ ಎಬ್ಬಿಸುವುದು ನಡೆದೇ ಇದೆ. ಹಂಚು, ಮುರಕಲ್ಲು, ಪಕ್ಕಾಸು, ಬಾಗಿಲು, ದಾರಂದ ಎಲ್ಲವೂ ಗುಜರಿಯವರಲ್ಲಿ ಸಿಗುತ್ತವೆ. ಕೆಡವುವ ಜಾಗಕ್ಕೇ ಹೋಗಿ ಮಾತಾಡಿದರೆ ಇನ್ನೂ ಅಗ್ಗ. ಒಂದು ಮಾತು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ: ಹಂಚಿಗೆ ಹಣ ಕೊಡುವುದು ನಿಮ್ಮ ಅಂಗಳದಲ್ಲಿ ಇಳಿಸಿ ಎಣಿಸಿದ ಮೇಲೆ. ಲಾರಿಗೆ ಹತ್ತಿಸುವಾಗಿನ ಲೆಕ್ಕಕ್ಕೂ ಇಳಿಸಿದಾಗಿನ ಲೆಕ್ಕಕ್ಕೂ ಅಜಗಜಾಂತರ.

ಹಂಚು

ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಗುರುಪುರ, ನೇತ್ರಾವತಿ ಹೊಳೆಗಳ ದಂಡೆಯ ಆವೆಮಣ್ಣು ಊರೂರಿನ ಮಾಡು ಹತ್ತಿತು. ಆಮೇಲೆ ಹುಟ್ಟಿದ ಕಾರ್ಖಾನೆಗಳು ಅನೇಕ. ಪ್ರತಿಯೊಂದೂ ತನ್ನ ಹೆಸರು, ಗುರುತುಗಳನ್ನು ಹಂಚಿನ ಮೈಯಲ್ಲಿ ಅಚ್ಚೊತ್ತಿತು. ನಾವು ಗಮನಿಸಬೇಕಾದದ್ದು ಇದನ್ನೇ. ಹೊರನೋಟಕ್ಕೆ ಎಲ್ಲವೂ ಒಂದೇ ಮಂಗಳೂರು ಹಂಚು. ಆದರೆ ಒಂದು ಕಾರ್ಖಾನೆಯ ಹಂಚಿನ ತೋಡಿನಲ್ಲಿ ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ. ಕೂತಂತೆ ಕಾಣುತ್ತದೆ. ಜೂನ್ ತಿಂಗಳ ಗಾಳಿಮಳೆ ಓರೆಯಾಗಿ ಬಡಿದಾಗ ನೀರು ಒಳಗೆ ಬರುತ್ತದೆ. ಮಿಶ್ರ ಹಂಚು ಅಗ್ಗಕ್ಕೆ ಸಿಕ್ಕಿತೆಂದು ತಂದು ಮಾಡಿಗೆ ಹೊದೆಸಬೇಡಿ. ಗುರುತು ನೋಡಿ ಬೇರ್ಪಡಿಸಿ, ಒಂದು ಇಳಿಜಾರಿಗೆ ಒಂದೇ ಗುರುತಿನ ಹಂಚು ಬರುವಂತೆ ಮಾಡಿರಿ. ನಿಮ್ಮ ಹಟ್ಟಿಯ ಮೇಲೆ ಈಗಾಗಲೇ ಇರುವ ಗುರುತು ಯಾವುದೆಂದು ತಿಳಿದುಕೊಂಡೇ ಖರೀದಿಗೆ ಹೊರಡುವುದು ಉತ್ತಮ.

ಹಂಚನ್ನು ಒಂದು ಕೈಯಲ್ಲಿ ತೂಗಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿರಿ. ಗಂಟೆಯ ಹಾಗೆ ನಾದ ಬಂದರೆ ಮಾಡಿಗೆ, ಬೊಳ್ಳೆಂದರೆ ಕೆಳಗೆ. ಪಾಚಿ ಹಿಡಿದದ್ದು ದೋಷವಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ಮೂಗು ಮುರಿದ ಹಂಚು, ಅಂದರೆ ರೀಪಿಗೆ ಸಿಕ್ಕಿಸುವ ಮೊಳೆ ಒಡೆದದ್ದು, ಯಾವ ದರಕ್ಕೂ ಬೇಡ.

ಎಷ್ಟು ಹಂಚು? 24 ಅಡಿಗೆ 12 ಅಡಿ ಹಟ್ಟಿ. ಸುತ್ತ 2 ಅಡಿ ಸೂರು ಬಿಟ್ಟರೆ 28 ಅಡಿಗೆ 16 ಅಡಿ, ಅಂದರೆ 448 ಚದರ ಅಡಿ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದರಿಂದ ಮಾಡು ಚಪ್ಪಟೆಯಾಗಬಾರದು. ಒಂದು ಅಡಿ ಅಗಲಕ್ಕೆ 7 ಅಂಗುಲ ಏರು ಇಟ್ಟರೆ ಇಳಿಜಾರು ಸುಮಾರು 30 ಡಿಗ್ರಿ ಆಗುತ್ತದೆ. ಆಗ ಮಾಡಿನ ಮೈ ನೆಲದ ಅಳತೆಯ 1.16 ಪಟ್ಟು, ಅಂದರೆ 520 ಚದರ ಅಡಿ. ನೂರು ಚದರ ಅಡಿಗೆ ಸುಮಾರು 140 ಹಂಚಿನಂತೆ 728 ಆಯಿತು. ಒಡೆಯುವುದು, ಮುಂದಿನ ವರ್ಷಗಳಿಗೆ ತೆಗೆದಿಡುವುದು ಸೇರಿಸಿ 800 ಹಿಡಿಯಿರಿ. ಮೂಲೆಯ ಹಂಚು, ಅಂದರೆ ಕೋಳು ಮೇಲೆ ಕವುಚುವುದು, ಇದರಿಂದ ಹೊರತು.

ತೂಕವನ್ನೂ ನೋಡಬೇಕು. ಹಂಚಿಗೆ ಎರಡೂವರೆ ಕಿಲೋ ಎಂದರೆ 18 ಕ್ವಿಂಟಲ್ ಮೇಲೆ ಕೂತಿದೆ. ಹಂಚು ತನ್ನ ತೂಕದ ಶೇಕಡಾ 15ರಷ್ಟು ನೀರು ಕುಡಿಯುವುದು ಅಸಹಜವಲ್ಲ. ಆಟಿ ತಿಂಗಳಲ್ಲಿ ಇನ್ನೂ ಎರಡೂಮುಕ್ಕಾಲು ಕ್ವಿಂಟಲ್ ಸೇರಿತೆಂದೇ ಲೆಕ್ಕ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಹಳೆ ಪಕ್ಕಾಸು ಮಳೆಗಾಲದ ನಡುವೆ ಕುಸಿಯುವುದು ಇದರಿಂದ.

ರೀಪಿನ ಅಂತರ ಸಾಧಾರಣ ಹನ್ನೆರಡೂವರೆ ಅಂಗುಲ ಎಂದು ಬಡಗಿ ಹೇಳಿಯಾನು. ಅದನ್ನು ನಂಬಿ ಮೊಳೆ ಹೊಡೆಯಬೇಡಿ. ನಿಮ್ಮದೇ ಹತ್ತು ಹಂಚುಗಳನ್ನು ನೆಲದ ಮೇಲೆ ಒಂದಕ್ಕೊಂದು ಕೂರಿಸಿ, ಪೂರ್ತಿ ಎಳೆದು ಒಮ್ಮೆ, ಪೂರ್ತಿ ದೂಡಿ ಒಮ್ಮೆ ಅಳೆಯಿರಿ. ಎರಡರ ನಡುವಿನ ಅಳತೆಯೇ ನಿಮ್ಮ ರೀಪಿನ ಲೆಕ್ಕ.

ಮರಮಟ್ಟು

ಹಳೆ ಮನೆಯ ಹಲಸು, ಸಾಗುವಾನಿ, ಬೋಗಿ ಮರಗಳು ಇಂದು ಹೊಸದಾಗಿ ಕೊಳ್ಳುವ ಮರಕ್ಕಿಂತ ಮೇಲು. ಅವು ಒಣಗಿ ಐವತ್ತು, ಅರುವತ್ತು ವರ್ಷವಾಗಿರುತ್ತದೆ, ಇನ್ನು ಬಾಗುವುದಿಲ್ಲ. ಬಲಿತ ತೆಂಗಿನ ಹೊರಮೈಯಿಂದ ಸೀಳಿದ ಪಕ್ಕಾಸೂ ಒಳ್ಳೆಯದೇ. ದೋಷ ಇರುವುದು ತುದಿಯಲ್ಲಿ. ಗೋಡೆಯೊಳಗೆ ಹುದುಗಿದ್ದ ಒಂದು ಅಡಿ ಭಾಗ ಹೆಚ್ಚಾಗಿ ಕುಂಬಾಗಿರುತ್ತದೆ, ಇಲ್ಲವೇ ಒರಲೆ ತಿಂದಿರುತ್ತದೆ. ಉಳಿಯ ಮೊನೆಯನ್ನು ಅಲ್ಲಿ ಒತ್ತಿ ನೋಡಿರಿ. ಸಲೀಸಾಗಿ ಒಳಗೆ ಹೋದರೆ ಅಷ್ಟನ್ನು ಕತ್ತರಿಸಿ ಹಾಕಬೇಕು. ಆದುದರಿಂದ 10 ಅಡಿಯ ಪಕ್ಕಾಸು ಬೇಕಾದವರು 12 ಅಡಿಯದನ್ನು ಆರಿಸಬೇಕು. ಉದ್ದ ಸಾಲದಿದ್ದರೆ ಎರಡು ತುಂಡು ಸೇರಿಸಿ ಮೊಳೆ ಹೊಡೆದು ಪಕ್ಕಾಸು ಮಾಡುವ ಪರಿಪಾಠವಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ಉದ್ದವಾದದ್ದು ಸಿಗುವವರೆಗೆ ಕಾಯುವುದು ಲೇಸು.

ಕೊರೆದ ತೂತಿನಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಜೀವಂತವಿದೆ. ಅಂತಹ ಮರ ಉಗ್ರಾಣದ ಒಳಗೆ ಬರಬಾರದು. ಅಡಿಕೆ ಮರದ ಸಲಾಕೆಯನ್ನು ಅಟ್ಟಕ್ಕೆ, ಮೂಟೆಯ ಕೆಳಗಿನ ಮಂಚಕ್ಕೆ ಧಾರಾಳವಾಗಿ ಉಪಯೋಗಿಸಬಹುದು. ಹಂಚು ಹೊರುವ ರೀಪಿಗೆ ಅದು ಸಲ್ಲದು.

ಬಣ್ಣ ಬಳಿದ ಹಳೆ ಬಾಗಿಲಿನ ಬಗ್ಗೆ ಒಂದು ಎಚ್ಚರಿಕೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಸುಡಲೂಬೇಡಿ. ಮಕ್ಕಳಿರುವ ಮನೆಯಲ್ಲಂತೂ ಹಳೆ ಬಣ್ಣದ ಮೇಲೆಯೇ ಹೊಸತನ್ನು ಬಳಿದು ಬಿಡುವುದು ಕ್ಷೇಮ.

ಕಲ್ಲು ಮತ್ತು ನೆಲ

ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮಲಬಾರ್, ಕೆನರಾಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಅವರು ವಿವರಿಸಿದ್ದಾರೆ. ಹಳೆ ಗೋಡೆಯ ಕಲ್ಲು ಆ ಗಟ್ಟಿಯಾಗುವ ಕೆಲಸವನ್ನು ಮುಗಿಸಿಯೇ ನಮ್ಮಲ್ಲಿಗೆ ಬರುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾದರೆ ಇಡಿಯಾಗಿ ಬಿಡಿಸಲು ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದು ಅರ್ಧಕ್ಕರ್ಧ ಒಡೆಯುತ್ತದೆ. ಬಿಳಿ ಜೇಡಿಯ ಗೂಡುಗಳಿರುವ ಕಲ್ಲನ್ನು ಬದಿಗಿಡಿ. 12 ಅಡಿ ಅಗಲ, 8 ಅಡಿ ಎತ್ತರದ ಒಂದು ಅಡ್ಡಗೋಡೆಗೆ, ಬಾಗಿಲಿನ ಜಾಗ ಕಳೆದು, ನೂರು ಕಲ್ಲು ಸಾಕು.

ಇನ್ನು ನೆಲ. ಈ ಬರಹದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿರಿ.

ನಲುವತ್ತು, ಐವತ್ತು ವರ್ಷ ಗಂಜಳ ಕುಡಿದ ನೆಲ ಬೇರೆ ನೆಲದಂತಲ್ಲ. ಅದರಲ್ಲಿ ಉಪ್ಪುಗಳು ತುಂಬಿಕೊಂಡಿರುತ್ತವೆ. ಹಿಂದಿನ ಕಾಲದಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಉತ್ತರ ಭಾರತದಲ್ಲಿ ಇಂತಹ ಮಣ್ಣಿನಿಂದಲೇ ಸೋಸಿ ತೆಗೆಯುತ್ತಿದ್ದರು. ಈ ಉಪ್ಪುಗಳಿಗೆ ಗಾಳಿಯ ಪಸೆಯನ್ನು ಎಳೆದುಕೊಳ್ಳುವ ಗುಣವಿದೆ. ಮಾಡು ಎಷ್ಟು ಭದ್ರವಾಗಿದ್ದರೂ ಮಳೆಗಾಲದಲ್ಲಿ ನೆಲ ಬೆವರುತ್ತದೆ, ಗೋಡೆಯ ಕೆಳಗಿನ ಎರಡು, ಮೂರು ಅಡಿ ಒದ್ದೆಯಾಗಿ ಬಿಳಿ ಹೂವಿನಂತಹ ಉಪ್ಪು ಬಿಡುತ್ತದೆ. ಅದರ ಮೇಲೆಯೇ ಸಿಮೆಂಟು ಬಳಿದರೆ ಒಂದೆರಡು ಮಳೆಗಾಲದಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಅಷ್ಟರೊಳಗೆ ಕೆಳಗಿನ ಸಾಲಿನ ಮೂಟೆ ಬೂಸ್ಟು ಹಿಡಿದಾಯಿತು.

ಆದುದರಿಂದ ಕೋಣೆ ಮಾಡುವ ಭಾಗದಲ್ಲಿ ಕಲ್ಲುಹಾಸು ಎಬ್ಬಿಸಿ 9 ಅಂಗುಲ ಮಣ್ಣನ್ನು ತೆಗೆಯತಕ್ಕದ್ದು. 10 ಅಡಿಗೆ 12 ಅಡಿ ಕೋಣೆಯಲ್ಲಿ 90 ಘನ ಅಡಿ ಮಣ್ಣು ಬರುತ್ತದೆ. ಇದು ಎಸೆಯುವ ವಸ್ತುವಲ್ಲ. ಅಡಿಕೆ ಬುಡಗಳಿಗೆ ತೆಳುವಾಗಿ ಹರಡಿರಿ, ಒಂದೇ ಬುಡಕ್ಕೆ ರಾಶಿ ಹಾಕಬೇಡಿ. ಗುಂಡಿಗೆ ಒಡೆದ ಮುರಕಲ್ಲು, ನಾದವಿಲ್ಲದ ಹಂಚಿನ ಚೂರು ತುಂಬಿ, ಗುದ್ದಿ, ಹೊರಗಿನ ಅಂಗಳಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತನ್ನಿರಿ. ಅದರ ಮೇಲೆ ಒಂದು ಅಂಗುಲ ಹೊಯಿಗೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 3 ಅಂಗುಲ ಕಾಂಕ್ರೀಟು. ಪ್ಲಾಸ್ಟಿಕ್ ಹಾಳೆ ಹೊಸತೇ ಆಗಬೇಕು. ಗೊಬ್ಬರದ ಹಳೆ ಚೀಲ ಬಿಚ್ಚಿ ಹಾಸಿದರೆ ಸಾಕೆಂದು ಹೇಳುವವರಿದ್ದಾರೆ. ಹೊಲಿಗೆಯ ತೂತು, ಗೊಬ್ಬರದ ಉಪ್ಪು ಎರಡೂ ಅದರ ಜೊತೆಗೆ ಬರುತ್ತವೆ. ಮೇಲ್ಮೈಗೆ ಹಳೆ ಮನೆಯ ನೆಲದ ಹೆಂಚು, ಕಡಪ ಕಲ್ಲು, ಸಿಕ್ಕಿದ್ದನ್ನು ಹಾಸಬಹುದು.

ಗೋಡೆಯ ಕೆಳಭಾಗದ ಹಳೆ ಗಾರೆಯನ್ನು ಮೂರು ಅಡಿಯವರೆಗೆ ಕೆತ್ತಿ ತೆಗೆದು, ಒಂದು ಬೇಸಿಗೆ ಹಾಗೆಯೇ ಗಾಳಿಗೆ ಬಿಟ್ಟು, ಮತ್ತೆ ಸುಣ್ಣದ ಗಾರೆ ಮಾಡಿರಿ. ಸಿಮೆಂಟು ಪಸೆಯನ್ನು ಒಳಗೆ ಕಟ್ಟಿಹಾಕುತ್ತದೆ, ಸುಣ್ಣ ಹೊರಗೆ ಬಿಡುತ್ತದೆ. ಒಡೆದ ಹಂಚನ್ನು ನುಣ್ಣಗೆ ಪುಡಿಮಾಡಿ ಸುಣ್ಣಕ್ಕೆ ಬೆರೆಸಿದರೆ ಸುರ್ಕಿ ಗಾರೆಯಾಗುತ್ತದೆ; ಬರೇ ಸುಣ್ಣಕ್ಕಿಂತ ನೀರಿಗೆ ಹೆಚ್ಚು ಗಟ್ಟಿ. ನಮ್ಮ ಹಿರಿಯರ ಕಟ್ಟಡಗಳಲ್ಲಿ ಇದು ಸಾಮಾನ್ಯವಾಗಿತ್ತು. ಆದರೆ ಈಗ ಈ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ. ಸಿಕ್ಕರೆ ಅವರಿಗೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಮೂಟೆ ಗೋಡೆಗೆ ತಾಗಬಾರದು, ಒಂದೂವರೆ ಅಡಿ ದೂರವಿರಲಿ. ಕೆಳಗೆ ಮರದ ಮಂಚ ಬೇಕು. ಪಣಂಬೂರು ಬಂದರಿನ ಕಡೆಯಿಂದ ಬರುವ ಪ್ಯಾಕಿಂಗ್ ಮರದ ಹಲಗೆಮಂಚಗಳು ಗುಜರಿಯಲ್ಲಿ ಸಿಗುತ್ತವೆ. ಅವುಗಳ ಮೇಲಿನ ಮುದ್ರೆಯನ್ನು ಓದಿರಿ. ಎಚ್.ಟಿ. ಎಂದಿದ್ದರೆ ಬಿಸಿ ಕೊಟ್ಟು ಹುಳ ಕೊಂದದ್ದು, ತೆಗೆದುಕೊಳ್ಳಬಹುದು. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಹಾಕಿದ್ದು. ತಿನ್ನುವ ವಸ್ತುವಿನ ಕೆಳಗೆ ಅದು ಬೇಡ. ಎಣ್ಣೆಯ, ರಾಸಾಯನಿಕದ ಕಲೆ ಇರುವುದೂ ಬೇಡ.

ಹಳತು ಕೂಡದು

ವಿದ್ಯುತ್ ತಂತಿ, ಸ್ವಿಚ್ಚುಗಳನ್ನು ಹಳೆ ಮನೆಯಿಂದ ಬಿಚ್ಚಿ ತಂದು ಹಾಕಲೇಬಾರದು. ಒಣ ಗೋಣಿ, ಒಣ ಮರ ಇರುವ ಕೋಣೆ ಅದು. ಬಾಗಿಲ ಮೇಲಿನ ಲಿಂಟೆಲಿಗೆ ಬಗ್ಗಿಸಿ ನೆಟ್ಟಗೆ ಮಾಡಿದ ತುಕ್ಕು ಕಬ್ಬಿಣ ಬೇಡ. ಅದರ ಬದಲಿಗೆ ಹಳೆ ದಾರಂದದ ಮೇಲೆ ಗಟ್ಟಿ ಮರದ ತುಂಡು ಇಟ್ಟರೆ ಆಯಿತು. ಇಲಿ ತಡೆಯುವ ಜಾಲರಿಯೂ ಹೊಸತಿರಲಿ. ಹಂಚಿನ ಸಂದಿನಲ್ಲಿ ಇಲಿ ಬರುವುದನ್ನು ತಡೆಯಲು ಅಟ್ಟದ ಸಲಾಕೆಯ ಮೇಲೆ ಈ ಜಾಲರಿಯನ್ನು ಬಿಗಿಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಹಳೆ ಸಿಮೆಂಟ್ ಶೀಟು. ಜನ ಅದನ್ನು ಬಿಟ್ಟಿಯಾಗಿ ಕೊಡುತ್ತಾರೆ, ಹೆಚ್ಚಿನವುಗಳಲ್ಲಿ ಕಲ್ನಾರು ಇರುತ್ತದೆ. ಇಡಿಯಾಗಿ ಮಾಡಿನ ಮೇಲಿದ್ದಾಗ ಅದು ಕೊಡುವ ತೊಂದರೆ ಕಡಿಮೆ. ಗರಗಸ ಹಾಕಿದಾಗ, ಡ್ರಿಲ್ ಮಾಡಿದಾಗ, ಒಡೆದಾಗ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶದೊಳಗೆ ಕುಳಿತು ಇಪ್ಪತ್ತು, ಮೂವತ್ತು ವರ್ಷಗಳ ನಂತರ ಕ್ಯಾನ್ಸರಾಗಿ ಏಳಬಹುದು. ನಿಮ್ಮ ಹಟ್ಟಿಯ ಮೇಲೆ ಈಗಾಗಲೇ ಇದ್ದು ತೆಗೆಯಬೇಕಾದರೆ ನೀರು ಹಾಕಿ ಚೆನ್ನಾಗಿ ನೆನೆಸಿ, ಮೂಗಿಗೆ ಸರಿಯಾದ ಮುಖಗವಸು ಕಟ್ಟಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿರಿ. ಒಡೆದು ದಾರಿಯ ಗುಂಡಿಗೆ ತುಂಬಬೇಡಿ. ತುಂಡುಗಳನ್ನು ಪ್ಲಾಸ್ಟಿಕಿನಲ್ಲಿ ಸುತ್ತಿಟ್ಟು, ವಿಲೇವಾರಿಯನ್ನು ನಗರಪಾಲಿಕೆಯವರಲ್ಲಿ ಕೇಳಿರಿ. ಕುಲಶೇಖರ ನಗರಪಾಲಿಕೆಯ ವ್ಯಾಪ್ತಿಯೊಳಗಿರುವುದರಿಂದ, ಗೋಡೆ ಎತ್ತರಿಸುವುದಿದ್ದರೂ ಅಲ್ಲಿಯೇ ಮೊದಲು ವಿಚಾರಿಸುವುದು ಒಳಿತು.

ಘಟ್ಟದ ಮೇಲಿನ ಕಾಫಿ ಬೆಳೆಗಾರರಿಗೆ

ನಿಮ್ಮಲ್ಲಿ ಹಟ್ಟಿಯ ಜೊತೆಗೆ ಖಾಲಿಯಾದ ಲೈನ್ ಮನೆಗಳೂ ಇವೆ. ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಸಲ್ಲುತ್ತದೆ. ಆದರೆ ಕಾಫಿ ವಾಸನೆಯನ್ನು ಎಳೆದುಕೊಳ್ಳುವುದರಲ್ಲಿ ಅಡಿಕೆಗಿಂತ ಮುಂದು. ಗೊಬ್ಬರ, ಮೈಲುತುತ್ತು, ಕೀಟನಾಶಕ, ಡೀಸೆಲ್ ಇಟ್ಟಿದ್ದ ಕೋಣೆಯನ್ನು ಎಷ್ಟು ತೊಳೆದರೂ ಕಾಫಿಗೆ ಆರಿಸಬೇಡಿ. ಪಾರ್ಚ್‌ಮೆಂಟನ್ನು ಶೇಕಡಾ 10ರ, ರೋಬಸ್ಟಾ ಚೆರ್ರಿಯನ್ನು ಶೇಕಡಾ 11ರ ತೇವಕ್ಕೆ ಒಣಗಿಸಿ ಇಟ್ಟರೂ, ಬೆವರುವ ನೆಲದ ಕೋಣೆಯಲ್ಲಿ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಅಡಿಕೆ, ಕಾಫಿ ಎರಡನ್ನೂ ಕೊರೆಯುವ ಒಂದೇ ದುಂಬಿಯೂ ಇದೆ. ಕಳೆದ ವರ್ಷದ ಉಳಿಕೆ ಮೂಟೆಯನ್ನು ಹೊಸ ಫಸಲಿನ ಪಕ್ಕದಲ್ಲಿ ಇಡುವುದು ಅದಕ್ಕೆ ಔತಣ ಕೊಟ್ಟಂತೆ.

ಕೆಲಸದ ಕಾಲ

ಮಾಡಿನ ಕೆಲಸ ಪತ್ತನಾಜೆಯ ಒಳಗೆ ಮುಗಿಯಬೇಕು. ಸೂರಿನ ಕೊನೆಯ ಎರಡು ಸಾಲು ಹಂಚನ್ನು ತಂತಿಯಿಂದ ರೀಪಿಗೆ ಕಟ್ಟಿರಿ, ಗಾಳಿ ಎಬ್ಬಿಸುವುದು ಅಲ್ಲಿಂದಲೇ. ಮೊದಲ ಮಳೆಗಾಲ ಕೋಣೆ ಖಾಲಿ ಇರಲಿ ಎಂಬುದು ನಮ್ಮ ಸಲಹೆ. ಆಟಿಯಲ್ಲಿ ಒಂದು ಚದರ ಗಜ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಎರಡು ದಿನ ಬಿಟ್ಟು ಎತ್ತಿ ನೋಡಿರಿ. ಕೆಳಮೈಯಲ್ಲಿ ಹನಿಗಳಿದ್ದರೆ ಪಸೆ ಇನ್ನೂ ಮೇಲೆ ಬರುತ್ತಿದೆ ಎಂದೇ ಅರ್ಥ. ಹನಿಯಿಲ್ಲದಿದ್ದರೆ ಮುಂದಿನ ಫಸಲನ್ನು ಧೈರ್ಯವಾಗಿ ಒಳಗಿಡಬಹುದು. ಒಂದು ವರ್ಷ ಕಾಯಲಾಗದವರು ನಾಲ್ಕೈದು ಮೂಟೆ ಮಾತ್ರ ಇಟ್ಟು, ವಾರಕ್ಕೊಮ್ಮೆ ಅಡಿಯ ಮೂಟೆಗೆ ಕೈ ಹಾಕಿ ನೋಡುತ್ತಿರಲಿ.

ಒಂದೇ ಗುರುತಿನ ಹಂಚನ್ನು ಕೂಡಿಸುವುದು ಒಬ್ಬೊಬ್ಬರಿಗೆ ಕಷ್ಟವಾದುದರಿಂದ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಹಟ್ಟಿಯೋ ಮನೆಯೋ ಕೆಡವಿ ಹಂಚು ಉಳಿದಿರುವ ಸದಸ್ಯರು ಅದರ ಗುರುತು, ಸಂಖ್ಯೆ ಬರೆಯಿಸಬೇಕು; ಬೇಕಾದವರು ತಮ್ಮ ಮಾಡಿನ ಒಂದು ಹಂಚನ್ನು ಮಾದರಿಗೆ ತರಬೇಕು. ಬರಿಯ ಹೆಸರು ಹೇಳಿದರೆ ಸಾಲದು, ಒಂದೇ ಕಾರ್ಖಾನೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಚ್ಚು ಬಳಸಿದ್ದೂ ಇದೆ. ದರ ಸದಸ್ಯರು ತಮ್ಮೊಳಗೆ ಮಾತಾಡಿಕೊಳ್ಳತಕ್ಕದ್ದು. ಸಂಘಕ್ಕೆ ಇದರಲ್ಲಿ ದಲಾಲಿ ಇಲ್ಲ. ಮಾದರಿ ಹಂಚನ್ನು ಗೋಣಿಯಲ್ಲಿ ಸುತ್ತಿ ತನ್ನಿರಿ, ಹೆಸರನ್ನು ಸೀಮೆಸುಣ್ಣದಲ್ಲಿ ಹಿಂಬದಿಗೆ ಬರೆದಿರಲಿ.